ಟಿಬೆಟನ್ ಹಿರಿಯರ ಮಾತು ಕನ್ನಡದಲ್ಲಿ ಉಳಿಯಲು ದೇಣಿಗೆ ಮನವಿ

ಮಾನ್ಯರೇ,

1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಬೈಲಕುಪ್ಪೆಯ ಟಿಬೆಟನ್ ವಸತಿ ಎದ್ದದ್ದು ಅಲ್ಲಿಯೇ. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ವಸತಿಗಳಾದವು. ಇವರೇಕೆ ಇಲ್ಲಿಗೆ ಬಂದರು ಎಂದು ಅಕ್ಕಪಕ್ಕದ ಊರಿನ ಶಾಲಾ ಮಕ್ಕಳನ್ನು ಕೇಳಿದರೆ, ‘ಚೀನಾ ಹಿಡಿದುಕೊಂಡಿತು, ಓಡಿಬಂದರು’ ಎಂಬ ಒಂದು ಸಾಲು ಸಿಗುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು.

ಆ ದಿನಗಳನ್ನು ಬುದ್ಧಿ ಬಂದ ವಯಸ್ಸಿನಲ್ಲಿ ಕಂಡವರು ಈಗ 80ರ ಆಚೆ ಇದ್ದಾರೆ. ಅಂಥ 40 ಹಿರಿಯರ ಮಾತನ್ನು ಅವರ ಭಾಷೆಯಲ್ಲೇ ದಾಖಲಿಸಿ ಕನ್ನಡಕ್ಕೆ ತರಲು, ಮನೆಗಳಲ್ಲಿ ಉಳಿದಿರುವ 120 ಪೇಚಾ (ಟಿಬೆಟನ್ ಗ್ರಂಥ) ಕಟ್ಟುಗಳನ್ನು ಬೂಷ್ಟಿನಿಂದ ಕಾಪಾಡಲು ನಮ್ಮ ಟ್ರಸ್ಟಿಗೆ 8,00,000 ರೂಪಾಯಿ ಬೇಕಾಗಿದೆ.

ಈ ಕೆಲಸಕ್ಕೆ ಚರಿತ್ರೆ ಗೊತ್ತಿರುವವರೇ ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀನಾವನ್ನು ಆಳುತ್ತಿದ್ದ ಮಂಚು ಚಕ್ರವರ್ತಿಗಳಿಗೂ ಟಿಬೆಟ್ಟಿನ ಧರ್ಮಗುರುಗಳಾದ ದಲೈ ಲಾಮಾಗಳಿಗೂ ಇದ್ದ ನಂಟನ್ನು ಟಿಬೆಟನ್ನರು ‘ಚೋ-ಯೋನ್’ ಎನ್ನುತ್ತಾರೆ. ಒಬ್ಬ ಗುರು, ಇನ್ನೊಬ್ಬ ಅವನನ್ನು ಪೊರೆಯುವ ದಾನಿ. ಶೃಂಗೇರಿ ಮಠ ಮತ್ತು ವಿಜಯನಗರದ ಅರಸರನ್ನು ನೆನೆದರೆ ಕನ್ನಡಿಗರಿಗೆ ಇದರ ಒಂದು ಅಂಶವಾದರೂ ಹಿಡಿಯುತ್ತದೆ. ಪೂರ್ತಿ ಹೋಲಿಕೆ ಆಗದು, ಏಕೆಂದರೆ ಟಿಬೆಟ್ಟಿನ ರಾಜಧಾನಿ ಲಾಸಾದಲ್ಲಿ ಗುರುವೇ ದೊರೆಯೂ ಆಗಿದ್ದ. ಇದೇ ನಂಟನ್ನೂ ಲಾಸಾದಲ್ಲಿದ್ದ ಮಂಚು ಪ್ರತಿನಿಧಿಗಳಾದ ಅಂಬಾನ್‌ಗಳನ್ನೂ ತೋರಿಸಿ ಬೀಜಿಂಗ್ ‘ಟಿಬೆಟ್ ಹಿಂದಿನಿಂದಲೂ ನಮ್ಮದು’ ಎನ್ನುತ್ತದೆ. ಮಂಚು ರಾಜ್ಯ ಬಿದ್ದ ಮೇಲೆ, 1913ರಲ್ಲಿ, 13ನೆಯ ದಲೈ ಲಾಮಾ ಸ್ವಾತಂತ್ರ್ಯ ಸಾರುವ ಪ್ರಕಟಣೆ ಹೊರಡಿಸಿದರು. ಸ್ವಂತ ಸೈನ್ಯ, ನಾಣ್ಯ, ಅಂಚೆಚೀಟಿ ಎಲ್ಲ ಇತ್ತು. ದೊಡ್ಡ ದೇಶ ಯಾವುದೂ ಅಧಿಕೃತ ಮಾನ್ಯತೆ ಕೊಡಲಿಲ್ಲ. ಮುಂದೆ ಟಿಬೆಟ್ಟಿಗೆ ತುಂಬ ಪೆಟ್ಟುಕೊಟ್ಟದ್ದು ಇದೇ ಎಂಬುದು ನಮ್ಮ ಅಭಿಪ್ರಾಯ.

1950ರ ಅಕ್ಟೋಬರಿನಲ್ಲಿ ಮಾವೋನ ಚೀನೀ ಸೈನ್ಯ ಡ್ರಿಚು ನದಿ (ಯಾಂಗ್ಟ್ಸೆಯ ಮೇಲ್ಭಾಗ) ದಾಟಿ ಪೂರ್ವ ಟಿಬೆಟ್ಟಿನ ಚಾಮ್ಡೋ ಪಟ್ಟಣ ಹಿಡಿಯಿತು. 1951ರ ಮೇ 23ರಂದು ಬೀಜಿಂಗಿನಲ್ಲಿ 17 ಅಂಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಟಿಬೆಟ್ ‘ಮಾತೃಭೂಮಿಗೆ ಮರಳುತ್ತದೆ’ ಎಂದು ಅದರ ಮೊದಲ ಅಂಶ. ಅಲ್ಲಿನ ಆಡಳಿತ ಪದ್ಧತಿಯನ್ನೂ ದಲೈ ಲಾಮಾರ ಸ್ಥಾನವನ್ನೂ ಬದಲಿಸುವುದಿಲ್ಲ ಎಂದು ನಾಲ್ಕನೆಯದು. ಆದರೆ ಲಾಸಾ ಸರ್ಕಾರದ ಕೈಯಲ್ಲಿದ್ದ ನೆಲಕ್ಕೆ ಮಾತ್ರ ಈ ಮಾತು ಅನ್ವಯಿಸಿತು. ನದಿಯ ಪೂರ್ವದ ಟಿಬೆಟನ್ ಸೀಮೆಗಳಾದ ಖಾಮ್‌ಗೂ ಆಮ್ಡೋಗೂ ಅದರ ರಕ್ಷೆ ಇರಲಿಲ್ಲ. ಅಲ್ಲಿ 1955–56ರಲ್ಲೇ ‘ಪ್ರಜಾಸತ್ತಾತ್ಮಕ ಸುಧಾರಣೆ’ಯ ಹೆಸರಿನಲ್ಲಿ ಭೂಮಿ, ಜಾನುವಾರು, ಮಠದ ಆಸ್ತಿ ಕಸಿಯುವುದು ಶುರುವಾಯಿತು. ಜನ ದಂಗೆ ಎದ್ದರು. 1956ರಲ್ಲಿ ಲಿಥಾಂಗ್ ಮಠದ ಮೇಲೆ ವಿಮಾನದಿಂದ ಬಾಂಬು ಬಿತ್ತು. ಅಲ್ಲಿಂದ ಓಡಿದವರು ಲಾಸಾದಲ್ಲಿ ತುಂಬಿಕೊಂಡರು. ದಲೈ ಲಾಮಾ ಭಾರತಕ್ಕೆ ಬರಲು ಕಾರಣವಾದ, ಲಾಸಾದ 1959ರ ಮಾರ್ಚ್ 10ರ ದಂಗೆಯ ಹಿಂದೆ ಈ ಮೂರು ವರ್ಷಗಳಿವೆ.

ಆದ್ದರಿಂದಲೇ ‘1959ರಲ್ಲಿ ಏನಾಯಿತು?’ ಎಂದು ಮಾತು ಆರಂಭಿಸಿದರೆ ಖಾಮ್‌ನ ಅಜ್ಜಿಯ ಕಥೆ ತಪ್ಪಿಹೋಗುತ್ತದೆ. ಆಕೆಯ ಊರಿನ ಮಟ್ಟಿಗೆ ಆಗಬೇಕಾದ್ದೆಲ್ಲ ಅಷ್ಟರಲ್ಲಿ ಆಗಿಹೋಗಿತ್ತು. ಮೊದಲು ಕೇಳಬೇಕಾದದ್ದು ಊರು ಯಾವುದು, ನದಿಯ ಯಾವ ಕಡೆ ಎಂದು. ಊರಿನ ಟಿಬೆಟನ್ ಹೆಸರಿನ ಜೊತೆ ಈಗಿನ ಚೀನೀ ಹೆಸರನ್ನೂ ಬರೆದುಕೊಳ್ಳಬೇಕು: ದಾರ್ತ್ಸೆಂದೋ ಇಂದಿನ ನಕ್ಷೆಯಲ್ಲಿ ಕಾಂಗ್‌ಡಿಂಗ್. ಅದೂ 1965ರಲ್ಲಿ ರಚನೆಯಾದ ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿಲ್ಲ, ಸಿಚುವಾನ್‌ನಲ್ಲಿದೆ.

ವಯಸ್ಸಿನ ಲೆಕ್ಕವೂ ಹೀಗೆಯೇ ಕೈಕೊಡುತ್ತದೆ. ಟಿಬೆಟನ್ ಪಂಚಾಂಗದಲ್ಲಿ 1959 ಭೂಮಿ-ಹಂದಿ ವರ್ಷ. ‘ಭೂಮಿ-ಹಂದಿ ವರ್ಷದಲ್ಲಿ ನನಗೆ ಹದಿನಾಲ್ಕು’ ಎಂದರೆ 1959ರಿಂದ 14 ಕಳೆಯಬಾರದು. ಹುಟ್ಟಿದಾಗಲೇ ಒಂದು ಎಂದು ಎಣಿಸಿ, ಪ್ರತಿ ಲೋಸಾರ್‌ಗೆ (ಟಿಬೆಟನ್ ಹೊಸ ವರ್ಷ) ಒಂದು ಸೇರಿಸುವುದು ಅವರ ಪದ್ಧತಿ. 13 ಕಳೆದರೆ 1946, ಬೆಂಕಿ-ನಾಯಿ ವರ್ಷ ಬರುತ್ತದೆ. ಹುಟ್ಟಿದ ವರ್ಷದ ಪ್ರಾಣಿ ಯಾವುದೆಂದು ಬೇರೆಯಾಗಿ ಕೇಳಿ ತಾಳೆ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ. 1959ರ ಜನವರಿ ಇನ್ನೂ ಹಿಂದಿನ ನಾಯಿ ವರ್ಷಕ್ಕೆ ಸೇರಿತ್ತೆಂಬುದನ್ನೂ ಮರೆಯುವಂತಿಲ್ಲ.

ಒಬ್ಬ ಹಿರಿಯರಿಗೆ ಒಂದೂವರೆ ಗಂಟೆಯ ಮೂರು ಕೂಟ. ಎರಡನೆಯದರಲ್ಲಿ ಅವರೇ ಮೊದಲ ದಿನದ ಮಾತನ್ನು ತಿದ್ದುತ್ತಾರೆ. ಅದನ್ನು ಅಳಿಸದೆ ಎರಡನ್ನೂ ಇಡುತ್ತೇವೆ. ಟಿಬೆಟ್‌ನಲ್ಲಿ ಇನ್ನೂ ನೆಂಟರಿದ್ದರೆ ಹೆಸರು, ಊರು ಮುಚ್ಚಿದ ಪ್ರತಿ ಮಾತ್ರ ಓದುಗರಿಗೆ ಸಿಗುತ್ತದೆ. ಓಡಾಟ ಮತ್ತು ಧ್ವನಿಮುದ್ರಣಕ್ಕೆ 2,500, ಟಿಬೆಟನ್‌ನಲ್ಲಿ ಬರಹಕ್ಕಿಳಿಸಲು 6,000, ಕನ್ನಡ ಅನುವಾದಕ್ಕೆ 6,500, ಒಟ್ಟು ಒಬ್ಬರಿಗೆ 15,000 ರೂಪಾಯಿ. 40 ಜನರಿಗೆ 6,00,000.

ಪೇಚಾ ಎಂದರೆ ಹೊಲಿಗೆ ಇಲ್ಲದ ಉದ್ದನೆಯ ಹಾಳೆಗಳು. ಎರಡು ಹಲಗೆಗಳ ನಡುವೆ ಇಟ್ಟು ಬಟ್ಟೆ ಸುತ್ತಿರುತ್ತಾರೆ, ನಮ್ಮ ತಾಳೆಗರಿ ಕಟ್ಟಿನ ಹಾಗೆ. ಟಿಬೆಟ್‌ನ ಒಣ ಚಳಿಯಲ್ಲಿ ಶತಮಾನ ಬಾಳಿದ ಹಾಳೆ ಇಲ್ಲಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹರಿದಲ್ಲಿ ಸೆಲೋಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು, ಬಿಸಿಲಿಗೆ ಹಾಕುವುದು ಮೂರೂ ಹಾನಿ. ಮೃದು ಕುಂಚದಿಂದ ಒರೆಸಿ, ಹರಿದಲ್ಲಿ ತೆಳು ಜಪಾನಿ ಕಾಗದವನ್ನು ಗೋಧಿ ಗಂಜಿಯಿಂದ ಅಂಟಿಸಬೇಕು. ಸ್ಕ್ಯಾನ್ ಮಾಡುವಾಗ ಹಾಳೆಯನ್ನು ಪುಸ್ತಕದಂತೆ ಪಕ್ಕಕ್ಕೆ ಮಗುಚಿದರೆ ಹಿಂಬದಿ ತಲೆಕೆಳಗಾಗುತ್ತದೆ. ಗೋಡೆಯ ಕ್ಯಾಲೆಂಡರಿನಂತೆ ಮೇಲಕ್ಕೆ ಮಗುಚಬೇಕು. ಹಾಳೆಯ ಸಂಖ್ಯೆ ಮುಂಬದಿಯ ಎಡ ಅಂಚಿನಲ್ಲಿ ಅಕ್ಷರಗಳಲ್ಲಿರುತ್ತದೆ, ಅದು ಚಿತ್ರದಲ್ಲಿ ಕತ್ತರಿಸಿಹೋದರೆ ಕ್ರಮವೇ ಹೋಯಿತು. ಒಂದು ಕಟ್ಟಿಗೆ 900ರಂತೆ 120 ಕಟ್ಟಿಗೆ 1,08,000. ತೇವ ಹೀರುವ ಎರಡು ಯಂತ್ರಗಳಿಗೆ 56,000. ಬೇರೆ ಬೇರೆ ಕಡೆ ಇಡುವ ಮೂರು ಹಾರ್ಡ್ ಡಿಸ್ಕ್‌ಗಳಿಗೆ 36,000.

900 ರೂಪಾಯಿ ಕೊಟ್ಟರೆ ಒಂದು ಕಟ್ಟು, 15,000 ಕೊಟ್ಟರೆ ಒಬ್ಬ ಹಿರಿಯರ ಪೂರ್ಣ ದಾಖಲೆ ನಿಮ್ಮ ಕೈಯಿಂದ ಆದಂತೆ. ವಿದೇಶದಲ್ಲಿರುವ ಕನ್ನಡಿಗರು ಗಮನಿಸಬೇಕು: ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣ ಕಾನೂನಿನಲ್ಲಿ ವಿದೇಶಿ ದೇಣಿಗೆ. ಅದಕ್ಕೆ ಬೇಕಾದ ನೋಂದಣಿ ನಮಗಿಲ್ಲದ್ದರಿಂದ ದಯವಿಟ್ಟು ಕಳಿಸಬೇಡಿ. ಹಣದ ಬದಲು, ಕಟ್ಟು ಸುತ್ತಲು ಗಂಜಿ ಹಾಕದ, ಬಣ್ಣ ಹಾಕದ ಹತ್ತಿ ಬಟ್ಟೆಯನ್ನೂ ಸ್ವೀಕರಿಸುತ್ತೇವೆ. ಒಂದು ಕಟ್ಟಿಗೆ ಒಂದು ಮೀಟರ್ ಚೌಕ ಸಾಕು. ತರುವ ಮೊದಲು ಎರಡು ಸಲ ಬರೀ ನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿರಿ.