ಗೆಳೆಯನಿಗೊಂದು ಪತ್ರ: ಬಲಗಡೆಯ ಸೀಟು

ಪ್ರಿಯ ಗೆಳೆಯಾ,

ಮೇಲೆ ಹೋದ ನಂತರ ವಿಮಾನ ನಿಜಕ್ಕೂ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದ್ದೆಯಲ್ಲ, ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರಿಸಲಾಗಲಿಲ್ಲ. ತರಬೇತಿಗೆ ಮಳೆಗಾಲದ ಬಿಡುವು ಸಿಕ್ಕಿ ಕಾರವಾರಕ್ಕೆ ಬಂದಿದ್ದೇನೆ. ಸದಾಶಿವಗಡದ ಗುಡ್ಡ ಬೆಳಗಿನಿಂದ ಮೋಡದೊಳಗೇ ಇದೆ. ಊರಿನವರೂ ಇದೇ ಪ್ರಶ್ನೆ ಕೇಳುತ್ತಿರುವುದರಿಂದ ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ. ಬೆಲೇಕೇರಿಯ ಬನ್ಸಿನ ವಿಷಯ ಎತ್ತುವುದಿಲ್ಲ, ನಿಶ್ಚಿಂತೆಯಿಂದ ಓದು.

ನಾನು ಕಲಿಯುತ್ತಿರುವುದು ಸೆಸ್ನಾ 152 ಎಂಬ ಎರಡು ಸೀಟಿನ ಪುಟ್ಟ ವಿಮಾನದಲ್ಲಿ. ಎಡಗಡೆ ವಿದ್ಯಾರ್ಥಿ, ಬಲಗಡೆ ಇನ್‌ಸ್ಟ್ರಕ್ಟರ್. ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟು. ಇಬ್ಬರ ಎದುರಿಗೂ ಒಂದೊಂದು ಯೋಕ್, ಅಂದರೆ ವಿಮಾನದ ಸ್ಟೀರಿಂಗ್; ಇಬ್ಬರ ಕಾಲಡಿಗೂ ಮೂತಿಯನ್ನು ಎಡಬಲಕ್ಕೆ ಹೊರಳಿಸುವ ರಡ್ಡರ್ ಪೆಡಲುಗಳು. ನನ್ನದು ಅಲುಗಿದರೆ ಅವರದೂ ಅಲುಗುತ್ತದೆ. ಆದ್ದರಿಂದ ಈಗ ಓಡಿಸುತ್ತಿರುವವರು ಯಾರೆಂಬ ಗೊಂದಲ ಒಂದು ಕ್ಷಣವೂ ಇರಕೂಡದು. ‘ಯು ಹ್ಯಾವ್ ಕಂಟ್ರೋಲ್’ ಎಂದು ಅವರು ಹೇಳಬೇಕು, ‘ಐ ಹ್ಯಾವ್ ಕಂಟ್ರೋಲ್’ ಎಂದು ನಾನು ಒಪ್ಪಿಕೊಳ್ಳಬೇಕು. ಅವರು ಕೈ ಬಿಡುವುದು ಆಮೇಲೆಯೇ.

ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುವುದಕ್ಕೆ ಸ್ಟಾಲ್ ಎನ್ನುತ್ತಾರೆ. ಅದರ ಅಭ್ಯಾಸದಲ್ಲಿ ಎಂಜಿನ್ನಿನ ಬಲ ತಗ್ಗಿಸಲು ಥ್ರಾಟಲ್ ಹಿಂದಕ್ಕೆಳೆದು, ಎತ್ತರ ಕಳೆದುಕೊಳ್ಳದಂತೆ ಮೂತಿಯನ್ನು ಎತ್ತುತ್ತಾ ಹೋಗಬೇಕು. ಗಾಳಿಯ ಸದ್ದು ಕುಗ್ಗುತ್ತದೆ, ಯೋಕ್ ಸಡಿಲವೆನಿಸುತ್ತದೆ. ರೆಕ್ಕೆಯ ಮುಂಭಾಗದ ತೂತೊಂದು ಗಾಳಿ ಎಳೆಯತೊಡಗಿದ ಕೂಡಲೇ ಒಳಗಿನ ಎಚ್ಚರಿಕೆಯ ಪೀಪಿ, ಓಲಗದವರು ಶ್ರುತಿ ನೋಡಲು ಊದಿದ ಹಾಗೆ, ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಕೂಗುತ್ತದೆ. ರೆಕ್ಕೆಗೆ ಗಾಳಿ ತಾಗುವ ಕೋನ ಸುಮಾರು 15–16 ಡಿಗ್ರಿ ಮೀರಿದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚೆದುರಿ, ಮೂತಿ ತಾನಾಗಿ ಕೆಳಗೆ ಬೀಳುತ್ತದೆ. ಇನ್ನಷ್ಟು ಎಳೆದುಕೋ ಎಂದು ಮೈಯೆಲ್ಲ ಹೇಳುತ್ತಿರುವಾಗ ಯೋಕನ್ನು ಮುಂದಕ್ಕೆ ತಳ್ಳಬೇಕು. ಮೊದಲ ಸಲ ಹಾಗೆ ತಳ್ಳುವವರೆಗೂ ಸರ್ ಕೈಗಳು ಅವರ ತೊಡೆಯ ಮೇಲೆಯೇ ಇದ್ದವು. ಬೆರಳುಗಳು ಮಾತ್ರ ಬಿಚ್ಚಿಕೊಂಡಿದ್ದವು.

ಶಿಷ್ಯನನ್ನು ಅಪಾಯದ ಅಂಚಿಗೆ ಕರೆದೊಯ್ದೇ ಕಲಿಸಬೇಕೆಂಬ ಈ ಪದ್ಧತಿಯನ್ನು 1917ರಲ್ಲಿ ಇಂಗ್ಲೆಂಡಿನ ಗೋಸ್‌ಪೋರ್ಟಿನಲ್ಲಿ ರೂಪಿಸಿದವರು ಬ್ರಿಟಿಷ್ ಸೇನೆಯ ಪೈಲಟ್ ರಾಬರ್ಟ್ ಸ್ಮಿತ್-ಬ್ಯಾರಿ. ಯುದ್ಧಕ್ಕೆ ಹೋಗುವ ಮೊದಲೇ, ತರಬೇತಿಯಲ್ಲಿಯೇ ಎಷ್ಟೋ ಹುಡುಗರು ಸಾಯುತ್ತಿದ್ದ ಕಾಲವದು. ಆವ್ರೋ 504 ವಿಮಾನದಲ್ಲಿ ಗುರು-ಶಿಷ್ಯರಿಬ್ಬರಿಗೂ ನಿಯಂತ್ರಣ ಕೊಟ್ಟು, ಕೊಳವೆಯೊಂದರ ಮೂಲಕ ಮಾತಾಡುತ್ತಾ, ವಿಮಾನ ಗಿರಕಿ ಹೊಡೆದು ಬೀಳುವುದನ್ನೂ ಅದರಿಂದ ಪಾರಾಗುವುದನ್ನೂ ಅಲ್ಲಿ ಕಲಿಸಲಾಯಿತು. ಎಷ್ಟು ಹೊತ್ತು ಕೈ ಕಟ್ಟಿ ಕೂರಬಹುದು ಎಂದು ಬಲ್ಲವನೇ ದೊಡ್ಡ ಗುರು ಎಂದು ನನಗೀಗ ಅನ್ನಿಸಿದೆ.

ನನ್ನ ಅಳುಕು ಶುರುವಾದದ್ದೂ ಅಲ್ಲಿಂದಲೇ. ರಜೆಗೆ ಮುಂಚಿನ ಸರ್ಕ್ಯೂಟಿನಲ್ಲಿ, ಅಂದರೆ ರನ್‌ವೇಯ ಸುತ್ತ ಒಂದು ಸುತ್ತು ಹಾರಿ ಇಳಿಯುವ ಅಭ್ಯಾಸದಲ್ಲಿ, 1000 ಅಡಿ ಎತ್ತರದಲ್ಲಿ ರನ್‌ವೇಯ ಪಕ್ಕಕ್ಕೆ ಬರುತ್ತಿದ್ದಂತೆ ಸರ್ ಮುಖವನ್ನು ಬಲಗಿಟಕಿಯ ಕಡೆ ತಿರುಗಿಸಿಬಿಟ್ಟರು. ರೆಕ್ಕೆಯ ಹಿಂಬದಿಯ ಫ್ಲಾಪ್ ಇಳಿಸುವುದನ್ನು, ರನ್‌ವೇಗೆ ನೇರವಾಗುವ ಕೊನೆಯ ಹಾದಿಗೆ, ಅಂದರೆ ಫೈನಲ್‌ಗೆ, ತಿರುಗುವುದನ್ನು, ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿ ಅವರ ಒಂದು ‘ಹ್ಞೂಂ’ಗೆ ಕಾದೆ, ಬರಲಿಲ್ಲ. ಚಕ್ರಗಳು ನೆಲ ಮುಟ್ಟಿದ್ದು ಹದವಾಗಿಯೇ ಇತ್ತು. ಆದರೂ ಆ ‘ಹ್ಞೂಂ’ ಇಲ್ಲದೆ ಅದು ಹದವಾಗಿತ್ತೆಂದು ನಂಬಲು ನನ್ನಿಂದಾಗಲಿಲ್ಲ. ಕಾಲೇಜು ಆರಿಸಿದ್ದು, ಬೆಂಗಳೂರಿನ ಕೆಲಸ ಹಿಡಿದದ್ದು, ಅದನ್ನು ಬಿಟ್ಟದ್ದು, ಎಲ್ಲವೂ ಯಾರದಾದರೊಂದು ‘ಹ್ಞೂಂ’ ಸಿಕ್ಕ ಮೇಲೆಯೇ. ಮೊದಲು ಅಪ್ಪನದು; ಆಮೇಲೆ, ನಿನಗೇ ಗೊತ್ತಿಲ್ಲದ ಹಾಗೆ, ಹೆಚ್ಚಾಗಿ ನಿನ್ನದು. ಮುಂದೊಂದು ದಿನ ಸರ್ ಇಳಿದು, ಬಾಗಿಲು ಹಾಕಿ, ಒಬ್ಬನೇ ಹೋಗಿ ಬಾ ಎನ್ನುತ್ತಾರೆ. ಒಬ್ಬರ ಭಾರ ಕಡಿಮೆಯಾದ ವಿಮಾನ ಬೇಗ ನೆಲ ಬಿಡುತ್ತದೆ, ಬೇಗ ಏರುತ್ತದೆ, ಇಳಿಯುವಾಗ ರನ್‌ವೇಯ ಮೇಲೆ ಇನ್ನಷ್ಟು ದೂರ ತೇಲುತ್ತದೆ. ಈ ಲೆಕ್ಕವೆಲ್ಲ ನನಗೆ ಅರ್ಥವಾಗುತ್ತದೆ, ಮಾರಾಯಾ. ಬಲಗಡೆಗೆ ತಿರುಗಿ ನೋಡದೆ ಇರುವುದು ಹೇಗೆಂಬುದು ಅರ್ಥವಾಗುತ್ತಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ತೋಟಕ್ಕೆ ಎರಡನೆಯ ಮದ್ದು ಹೊಡೆಸಿದೆಯಾ? ಶಿರಸಿಯ ಕಡೆಯೂ ಮಳೆ ಬಿಟ್ಟಿಲ್ಲವೆಂದು ಕೇಳಿದೆ, ಕೊಳೆರೋಗ ಬಾರದಿರಲಿ. ವಿದ್ಯಾರ್ಥಿ ಪರವಾನಗಿಯಲ್ಲಿ ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹಾರುವಂತಿಲ್ಲ. ಪೂರ್ತಿ ಪರವಾನಗಿ ಕೈಗೆ ಬಂದ ಮೇಲೆ ಮೊದಲ ಸರದಿ ನಿನ್ನದೇ. ಬರುವಾಗ ನಿಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ತಾ, ಗೋಕರ್ಣದ ರಸ್ತೆಯಲ್ಲಿ ಆಡಿದ ಮಾತನ್ನು ಮನೆಯಲ್ಲೇ ಬಿಟ್ಟು ಬಾ, ಮತ್ತು ಇಳಿಯುವವರೆಗೂ ದಯವಿಟ್ಟು ‘ಹ್ಞೂಂ’ ಎನ್ನಬೇಡ.

ನಿನ್ನ,
ಕಾರವಾರದವನು