ಪುಟ್ಟಿಯ ಕಾಯಿಲೆಯ ವಿಷಯವಾಗಿ

ಸೆಂಡೈ, ಜಪಾನ್

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

"ಆರು ವರ್ಷದ ಮಗುವಿಗೂ ಲಕ್ವ ಹೊಡೆಯುತ್ತದೆಯೇ?" ಎಂದು ಮೊನ್ನೆ ಅಪ್ಪ ಫೋನಿನಲ್ಲಿ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಹೊಡೆಯುತ್ತದೆ, ಅಪ್ಪ. ದೊಡ್ಡವರಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳು ಕಾರಣವಾದರೆ ಮಕ್ಕಳಲ್ಲಿ ಬಹಳ ಸಲ ಮಿದುಳಿಗೆ ರಕ್ತ ಒಯ್ಯುವ ಧಮನಿಯೇ ಕೆಟ್ಟಿರುತ್ತದೆ. ಸೀತಾಳೆ ಸಿಡುಬು ವಾಸಿಯಾದ ಕೆಲವು ತಿಂಗಳಲ್ಲಿ ಹೀಗಾಗುವುದೂ ಉಂಟು. ಪುಟ್ಟಿಯದು ಮೋಯಾಮೋಯಾ. ಕತ್ತಿನಿಂದ ಮೇಲೇರುವ ಎರಡು ಕ್ಯಾರೊಟಿಡ್ ಧಮನಿಗಳು ತಲೆಬುರುಡೆಯೊಳಗೆ ಕವಲೊಡೆಯುವಲ್ಲಿ ಬರಬರುತ್ತ ಕಿರಿದಾಗುತ್ತವೆ, ಆ ಕೊರತೆ ತುಂಬಲು ಮಿದುಳಿನ ಬುಡದಲ್ಲಿ ಕೂದಲೆಳೆಯಂಥ ನಾಳಗಳು ಹಬ್ಬುತ್ತವೆ. ಅವು ಸ್ಕ್ಯಾನ್ ಚಿತ್ರದಲ್ಲಿ ಹೊಗೆಯಂತೆ ಕಾಣುತ್ತವೆ, ಜಪಾನಿ ಭಾಷೆಯಲ್ಲಿ ಮೋಯಾಮೋಯಾ ಎಂದರೂ ಹೊಗೆಯಂತೆ ಮಸುಕಾದದ್ದು ಎಂದೇ; ಅದರಿಂದ ಇದೇ ಊರಿನ ತೊಹೊಕು ವಿಶ್ವವಿದ್ಯಾಲಯದ ಜಿರೊ ಸುಜುಕಿ ಮತ್ತು ಅವರ ಸಹೋದ್ಯೋಗಿ 1969ರಲ್ಲಿ ಈ ಹೆಸರಿನಿಂದ ಕಾಯಿಲೆಯನ್ನು ವಿವರಿಸಿದರು. ಪುಟ್ಟಿಯ ಚಿತ್ರವನ್ನು ನಾನೂ ನೋಡಿದೆ. ನಮ್ಮ ಬಚ್ಚಲೊಲೆಗೆ ಹಸಿ ಸೌದೆ ಇಟ್ಟಾಗ ಏಳುವ ಹೊಗೆ ಹಾಗೆಯೇ ಇರುತ್ತದೆ.

ಅಂದು ಅವಳು ಬಿಸಿ ನೂಡಲ್ಸನ್ನು ಉಫ್ ಉಫ್ ಎಂದು ಊದುತ್ತಿದ್ದಳು. ಬಲಗೈಯಿಂದ ಚಮಚ ಜಾರಿತು, ಬಾಯಿಯ ಒಂದು ಕೊನೆ ಇಳಿಯಿತು, "ಅಮ್ಮಾ" ಎನ್ನಲು ಹೋಗಿ ತೊದಲಿದಳು; ಹತ್ತು ನಿಮಿಷದಲ್ಲಿ ಏನೂ ಆಗದವಳಂತೆ ಉಳಿದದ್ದನ್ನು ತಿಂದಳು. ಒಂದೇ ಸಮನೆ ಊದಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ನಾಳಗಳು ಕುಗ್ಗುತ್ತವೆಯಂತೆ. ನಮಗೆ ಅದು ತಿಳಿಯುವುದೇ ಇಲ್ಲ, ಆದರೆ ಮೊದಲೇ ರಕ್ತ ಸಾಲದ ಮಿದುಳಿಗೆ ಅಷ್ಟೇ ಸಾಕಾಗುತ್ತದೆ. ಬಿಕ್ಕಿಬಿಕ್ಕಿ ಅತ್ತರೂ ಇದೇ ಕಥೆ.

ಅಮ್ಮ, ಕಳೆದ ಬೇಸಿಗೆಯ ಜಾತ್ರೆಯಲ್ಲಿ ಬಲೂನು ಒಡೆಯಿತೆಂದು ಅತ್ತೂ ಅತ್ತೂ ಅವಳ ಕೈ ಜೋತುಬಿದ್ದದ್ದು ನಿಮಗೆ ನೆನಪಿದೆಯೇ? ನೀವು ದೃಷ್ಟಿ ತೆಗೆದಿರಿ, ನಾನು ಹಟವೆಂದು ಗದರಿದೆ. ಆ ಗದರಿಕೆ ಈಗಲೂ ನನ್ನನ್ನು ಕೊರೆಯುತ್ತಿದೆ.

ಕಿರಿದಾದ ಧಮನಿಯನ್ನು ಅಗಲಿಸುವ ಔಷಧಿಯಿಲ್ಲ. ದಿನಾ ಆಸ್ಪಿರಿನ್ ಕೊಡುತ್ತಿದ್ದೇವೆ. ಎಡಭಾಗದ ಶಸ್ತ್ರಚಿಕಿತ್ಸೆ ಮುಗಿದಿದೆ: ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ಧಮನಿಯೊಂದನ್ನು ಮಿದುಳಿನ ಮೇಲೆ ಹಾಸಿದ್ದಾರೆ, ಅದರಿಂದ ಹೊಸ ನಾಳಗಳು ಚಿಗುರಲು ಕೆಲವು ತಿಂಗಳು ಬೇಕು. ಬಲಭಾಗದ್ದು ಆಮೇಲೆ.

ಡಿಸೆಂಬರಿನಲ್ಲಿ ನಾವು ಬಂದಾಗ ಅವಳಿಗೆ ಊಟದ ಬಿಸಿ ಆರಿಸಿಯೇ ಬಡಿಸಿ, ಮೇಲಿಂದ ಮೇಲೆ ನೀರು ಕುಡಿಸಿ. ಕೇಳಿದ್ದೆಲ್ಲ ಕೊಡಿಸಬೇಕಿಲ್ಲ, ಅತ್ತಾಗ ಎತ್ತಿಕೊಂಡು ಸಮಾಧಾನ ಮಾಡಿದರೆ ಸಾಕು. ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ, ತಾನಾಗಿ ಸರಿಹೋದರೂ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಲು ಎಲ್ಲ ಕಾಗದಪತ್ರಗಳನ್ನೂ ತರುತ್ತೇನೆ. ಜಾತ್ರೆಯಲ್ಲಿ ಅವಳಿಗೆಂದು ಕೊಂಡ ಪೀಪಿ ನಡುಮನೆಯ ಗೂಡಿನಲ್ಲಿದೆ. ನಾವು ಬರುವುದರೊಳಗೆ ಅದನ್ನು ಅವಳ ಕಣ್ಣಿಗೆ ಬೀಳದ ಕಡೆ ಎತ್ತಿಡಿ.

ನಿಮ್ಮ ಮಗಳು