ಚಳಿಗೆ ಬಿರಿಯುವ ಕೈಗಳ ಪರವಾಗಿ, ಹೆಸರು ಹೇಳದ ನಿಮಗೆ

ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ, ತುರಿಸುವ ತೊಂದರೆ) ಇದ್ದೂ ಕೊರೆಯುವ ಚಳಿಯಲ್ಲಿ ಹೊರಗೆ ದುಡಿಯುವವರಿಗೆ ನೀವು ಬಿಡಿಸಿ ಹೇಳಿದ ಚರ್ಮದ ಆರೈಕೆಯ ಕ್ರಮಕ್ಕೆ ಮನಸಾರೆ ಧನ್ಯವಾದ. ಕ್ರೀಮ್ ಹಚ್ಚಿ ಎನ್ನುವವರು ಬಹಳ. ಯಾವುದನ್ನು, ಯಾವಾಗ, ಎಷ್ಟು ಎಂದು ಹೇಳಿದವರು ನೀವು.

ತಣ್ಣನೆಯ ಗಾಳಿಯಲ್ಲಿ ತೇವ ಕಡಿಮೆ, ಮೊದಲೇ ದುರ್ಬಲವಾದ ಚರ್ಮದಿಂದ ನೀರು ಬೇಗ ಆರಿಹೋಗುತ್ತದೆ. ಅದಕ್ಕೇ ನೀರಿನಂಶ ಹೆಚ್ಚಿರುವ ಲೋಶನ್ ಬಿಟ್ಟು, ಸುವಾಸನೆ ಬೆರೆಸದ ಪೆಟ್ರೋಲಿಯಂ ಜೆಲ್ಲಿ ಹಿಡಿಯಿರಿ ಎಂದಿರಿ. ಉಗುರುಬೆಚ್ಚಗಿನ ನೀರಿನಲ್ಲಿ 5–10 ನಿಮಿಷದ ಸ್ನಾನ, ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ, ಸುಮಾರು 3 ನಿಮಿಷದೊಳಗೆ ಲೇಪ.

ಎಲ್ಲಕ್ಕಿಂತ ಉಪಕಾರವಾದದ್ದು ಕೈಗವಸಿನ ಮಾತು. ಒಳಗೆ ತೆಳು ಹತ್ತಿಯದು, ಮೇಲೆ ಗಾಳಿ ನೀರು ತಡೆಯುವಂಥದ್ದು. ಒರಟು ಉಣ್ಣೆ ನೇರ ಚರ್ಮಕ್ಕೆ ತಾಗಿದರೆ ತುರಿಕೆ ಏರುತ್ತದೆ. ಬೆವರಿಗೆ ಒದ್ದೆಯಾದ ಒಳಗವಸನ್ನು ಹಾಗೇ ಬಿಟ್ಟರೆ ಚರ್ಮ ನೆನೆದು, ಆಮೇಲೆ ಒಣಗುವಾಗ ಬಿರಿಯುತ್ತದೆ. ಹಾಗಾಗಿ ಜೇಬಿನಲ್ಲಿ ಸದಾ ಒಂದು ಒಣ ಜೊತೆ. ಚರ್ಮದಲ್ಲಿ ತೇವ ಹಿಡಿದಿಡುವ ಯೂರಿಯಾ ಕ್ರೀಮ್ ಒಳ್ಳೆಯದೇ, ಆದರೆ ತೆರೆದ ಬಿರುಕಿಗೆ ಉರಿ.

ಕೆಂಪು, ತುರಿಕೆ ತಗ್ಗಿಸುವ ಸ್ಟೀರಾಯ್ಡ್ ಮುಲಾಮಿನ ಭಯವನ್ನೂ ಅಳತೆ ಕೊಟ್ಟೇ ಕಳೆದಿರಿ: ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮಿನ ಗೆರೆ, ಅಂದರೆ ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕೆಂಪಾದ ಕಡೆ ಮಾತ್ರ, ವೈದ್ಯರು ಹೇಳಿದಷ್ಟು ದಿನ. ಹಳದಿ ಹಕ್ಕಳೆ, ಕೀವು, ಜ್ವರ ಕಂಡರೆ ತಡಮಾಡದೆ ವೈದ್ಯರ ಬಳಿಗೆ.

ಬೇರೆ ಯಾರೂ ಹೇಳದ ಎಚ್ಚರಿಕೆಗೆ ಪ್ರತ್ಯೇಕ ನಮಸ್ಕಾರ: ಜೆಲ್ಲಿ ಹೀರಿದ ಬಟ್ಟೆಗೆ ಕಿಡಿ ತಾಗಿದರೆ ಬೆಂಕಿ ಬಹಳ ಬೇಗ ಹಬ್ಬುತ್ತದೆ. ಆ ಗವಸು ಹಾಕಿಕೊಂಡು ಬೆಂಕಿ ಕಾಯಿಸಬಾರದು.